ಕೂರದೆ ಆರಿಸಿದ ಕಾರು

ಹದಿನಾಲ್ಕು ವರ್ಷದಿಂದ ನಾನು ನಮ್ಮ ಕಾರ್ಖಾನೆಯ ಕಡೆಯಿಂದ ವಾಹನ ಮೇಳಕ್ಕೆ ಕಾರು ಆರಿಸುವವನು. ಈ ಮಾತು ಹೇಳಿದರೆ ಜನ, "ಅದೇನು ಮಹಾ, ಎಲ್ಲ ಒಂದೇ ಕಾರ್ಖಾನೆ ಕಾರು ತಾನೆ? ಒಂದನ್ನ ತಗೊಂಡು ಹೋಗಿ ನಿಲ್ಲಿಸೋದಪ್ಪ" ಅನ್ನುತ್ತಾರೆ. ಅನ್ನಲಿ. ಅಂಥವರಿಗೆ ಉತ್ತರ ಕೊಟ್ಟು ಕೊಟ್ಟು ಬಾಯಿ ಒಣಗಿದೆ. ಆದರೂ ಕೊಡದೆ ಬಿಡುವ ಜಾಯಮಾನ ನನ್ನದಲ್ಲ.

ಮೊದಲು ಬಣ್ಣ. ಕಪ್ಪು ಬೇಡ, ಮುಟ್ಟಿದವರ ಬೆರಳೆಲ್ಲ ಅದರ ಮೇಲೆ ಕೂರುತ್ತದೆ. ಬಿಳಿ ಬೇಡ, ಮೇಳದ ದೀಪದ ಕೆಳಗೆ ಅದರ ಅಂಚು, ಗೆರೆ ಎಲ್ಲ ಅಳಿಸಿಹೋಗಿ ಕಾರು ಫ್ರಿಜ್ಜಿನಂತೆ ಕಾಣುತ್ತದೆ. ಕೆಂಪು ಬೇಕು ಎಂದು ಪ್ರಚಾರ ವಿಭಾಗದವರು ಪ್ರತಿ ವರ್ಷ ಹಠ ಹಿಡಿಯುತ್ತಾರೆ; ಪಕ್ಕದ ಮಳಿಗೆಯಲ್ಲೂ ಕೆಂಪು, ಎದುರು ಮಳಿಗೆಯಲ್ಲೂ ಕೆಂಪು ಇರುತ್ತದೆ ಎಂದು ನಾನು ಪ್ರತಿ ವರ್ಷ ಹೇಳುತ್ತೇನೆ. ಈ ಸಲ ಒಂಚೂರು ನೀಲಿ ಬೆರೆತ ಬೂದು ಬಣ್ಣಕ್ಕೆ ಒಪ್ಪಿಸುವಷ್ಟರಲ್ಲಿ ಸಾಕುಬೇಕಾಯಿತು.

ಬಣ್ಣ ಗೊತ್ತಾದ ಮೇಲೆ ಹನ್ನೆರಡು ಕಾರುಗಳನ್ನು ಕಾರ್ಖಾನೆ ಯಾರ್ಡಿನ ಚಾವಣಿಯ ಕೆಳಗೆ ಸಾಲಾಗಿ ನಿಲ್ಲಿಸುತ್ತಾರೆ. ಬೇರೆಯವರಿಗೆ ಹನ್ನೆರಡೂ ಒಂದೇ. ಆದರೆ ಕಾರಿನ ಮೈ ತಗಡು, ಬಂಪರು ಪ್ಲಾಸ್ಟಿಕ್ಕು, ಎರಡಕ್ಕೂ ಬಣ್ಣ ಹೊಡೆಯುವುದು ಬೇರೆ ಬೇರೆ ಕಡೆ. ಕಾರ್ಖಾನೆಯ ಟ್ಯೂಬ್‌ಲೈಟಿನಲ್ಲಿ ಅವು ಅವಳಿಜವಳಿ, ಮೇಳದ ದೀಪದಲ್ಲಿ ಅಕ್ಕಪಕ್ಕದ ಮನೆಯವರು. ಅದಕ್ಕೇ ನಾನು ಮೇಳದಲ್ಲಿ ಹಾಕುವಂಥದ್ದೇ ದೀಪವನ್ನು ಕೈಯಲ್ಲಿ ಹಿಡಿದು ಸುತ್ತುತ್ತೇನೆ. ಬಾಗಿಲಿನ ಸಂದು ಮೇಲೆ, ಕೆಳಗೆ, ನಡುವೆ ಅಳೆಯುತ್ತೇನೆ. ಕಣ್ಣು ಮುಚ್ಚಿಕೊಂಡು ಬಾಗಿಲು ಹಾಕಿ ಸದ್ದು ಕೇಳುತ್ತೇನೆ. ಕೊನೆಗೆ ಭೂತಗನ್ನಡಿ ಹಿಡಿದು ಸೀಟಿನ ಹೊಲಿಗೆ ನೋಡುತ್ತೇನೆ. ಯಾರ್ಡಿನಲ್ಲಿ ನನಗಿರುವ ಹೆಸರೂ ಭೂತಗನ್ನಡಿ ಎಂದೇ. ನನ್ನ ಹಿಂದೆ ಅನ್ನುತ್ತಾರೆ, ಮುಂದೆಯೂ ಅನ್ನುತ್ತಾರೆ.

ಒಂದೇ ಒಂದು ಕೆಲಸ ಮಾತ್ರ ನಾನು ಈ ಹದಿನಾಲ್ಕು ವರ್ಷದಲ್ಲಿ ಮಾಡಿರಲಿಲ್ಲ. ಮೇಳದ ಕಾರಿನೊಳಗೆ ಕೂತಿರಲಿಲ್ಲ. ಒಮ್ಮೆ ಕೂತರೆ ಸೀಟಿನ ಮೇಲೆ ಸುಕ್ಕು ಬೀಳುತ್ತದೆ, ಫೋಟೋದಲ್ಲಿ ಕಾಣುತ್ತದೆ. ಅದಕ್ಕೇ ಬಾಗಿಲ ಹೊಸ್ತಿಲಿಗೆ ಬಿಳಿ ಬಟ್ಟೆ ಹಾಸಿ, ಮಂಡಿಯೂರಿ, ಕತ್ತು ಮಾತ್ರ ಒಳಗೆ ಹಾಕಿ ನೋಡುತ್ತಿದ್ದೆ. ಯಾರಾದರೂ ಮರೆತು ಕೂತರೆ ಆ ಕಾರನ್ನೇ ಸಾಲಿನಿಂದ ಆಚೆ ಕಳಿಸುತ್ತಿದ್ದೆ, ಕೂತವನಿಗೆ ಮಂಗಳಾರತಿಯನ್ನೂ ಮಾಡುತ್ತಿದ್ದೆ.

ಇನ್ನು ನಮ್ಮಕ್ಕನ ವಿಷಯ. ಅಕ್ಕ ಅದೇ ಕಾರ್ಖಾನೆಯ ಸೀಟು ಹೊಲಿಯುವ ವಿಭಾಗದಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಇದ್ದಳು. ನನಗಿಂತ ನಾಲ್ಕು ವರ್ಷ ದೊಡ್ಡವಳು, ನಮ್ಮ ಜೊತೆಗೇ ಇರುತ್ತಾಳೆ. ನನ್ನ ಹೆಂಡತಿಗೂ ಅವಳು ಅಕ್ಕ, ನನ್ನ ಮಗಳಿಗೆ ಅತ್ತೆ, ಇಡೀ ಬೀದಿಗೆ ಹರಿದದ್ದನ್ನು ಹೊಲಿದುಕೊಡುವವಳು. ಆ ತಿಂಗಳ ಕೊನೆಗೆ ಅವಳಿಗೆ ನಿವೃತ್ತಿ. ಮೇಳ ಶುರುವಾಗುವುದೂ ಅದೇ ತಿಂಗಳು.

"ನಿಮಗೊಂದು ವಿಷಯ ಗೊತ್ತೇನ್ರೀ?" ಎಂದು ಒಂದು ದಿನ ಹೆಂಡತಿ ಬಟ್ಟೆ ಮಡಚುತ್ತಾ ಕೇಳಿದಳು. "ಅಕ್ಕನಿಗೆ ಒಂದೇ ಒಂದು ಆಸೆಯಂತೆ. ತಾನು ಹೊಲಿದ ಸೀಟು ಒಂದ್ಸಲ ಮೇಳಕ್ಕೆ ಹೋಗಬೇಕಂತೆ. ಜನ ನೋಡಬೇಕಂತೆ."

"ನಿನಗೆ ಹೇಳಿದ್ಲಾ?"

"ನನಗೆಲ್ಲಿ ಹೇಳ್ತಾರೆ? ಹೊಲಿಯೋವಾಗ ಒಬ್ಬರೇ ಅಂದ್ಕೋತಾ ಇದ್ರು, ಕೇಳಿಸ್ತು. ನಿಮ್ಮ ಹತ್ರ ಅವರು ಸಾಯೋ ತನಕ ಬಾಯಿ ಬಿಡಲ್ಲ."

ಯಾವ ಸೀಟು ಯಾರು ಹೊಲಿದದ್ದು ಎಂದು ನಾನು ಎಂದೂ ಕೇಳಿದವನಲ್ಲ. ಅಕ್ಕ ಆ ವಿಭಾಗದಲ್ಲಿ ಇದ್ದಾಳೆಂದೇ ಕೇಳುತ್ತಿರಲಿಲ್ಲ. ಎಂಟು ಜನ ಹೊಲಿಯುವವರು ಇದ್ದಾರೆ, ಹದಿನಾಲ್ಕು ವರ್ಷದಲ್ಲಿ ಯಾವಾಗಲೋ ಅವಳದೂ ಹೋಗಿರುತ್ತದೆ ಎಂದುಕೊಂಡಿದ್ದೆ. ಹೋಗಿಲ್ಲವಂತೆ. ಮೇಳಕ್ಕೆ ಹೋದ ಕಾರಿನ ಕ್ರಮಸಂಖ್ಯೆ ಪ್ರತಿ ವರ್ಷ ಹಲಗೆಗೆ ಅಂಟಿಸುತ್ತಾರೆ, ಅಕ್ಕ ಪ್ರತಿ ವರ್ಷ ಹೋಗಿ ಅದು ತನ್ನ ಸೀಟು ಕೂರಿಸಿದ ಕಾರಾ ಎಂದು ನೋಡಿಕೊಂಡು ಬರುತ್ತಿದ್ದಳಂತೆ.

ಅಷ್ಟರಲ್ಲಿ ಪ್ರಚಾರ ವಿಭಾಗದ ಮೇಡಂ ನನ್ನನ್ನು ಕರೆಸಿದರು. ವಯಸ್ಸು ನನ್ನ ಅರ್ಧ, ಮಾತು ನನ್ನ ಎರಡರಷ್ಟು.

"ಈ ಸಲ ಒಂದು ಹೊಸದು ಮಾಡೋಣ. ಮೇಲೆ ತಿರುಗೋ ವೇದಿಕೆ ಮೇಲೆ ನೀಲಿ ಕಾರು, ಅದಕ್ಕೆ ಬೀಗ. ಕೆಳಗೆ ನಿಮ್ಮ ಬೂದು ಕಾರು, ಅದರ ಬಾಗಿಲು ತೆಗೆದಿರುತ್ತೆ. ಬಂದವರೆಲ್ಲ ಕೂರಬಹುದು. ಹತ್ತು ದಿನ."

"ಕೂರೋದಾ?" ಎಂದೆ. ನನ್ನ ಮುಖ ಹೇಗಾಯಿತೋ, ಮೇಡಂ ನೀರಿನ ಲೋಟ ಮುಂದಕ್ಕೆ ತಳ್ಳಿದರು.

"ಕಾರು ಇರೋದೇ ಕೂರೋಕೆ ಅಲ್ವಾ ಸರ್?"

ಗೊಣಗಿಕೊಂಡು ಬಂದೆ. ಬಂದವನು ಏನು ಮಾಡಿದೆ? ಪ್ರತಿ ವರ್ಷ ಮಾಡಿದ್ದನ್ನೇ. ದೀಪ ಹಿಡಿದೆ, ಸಂದು ಅಳೆದೆ, ಬಾಗಿಲು ಹಾಕಿ ಕೇಳಿದೆ, ಬಿಳಿ ಬಟ್ಟೆ ಹಾಸಿ ಮಂಡಿಯೂರಿದೆ. ಮೂರು ದಿನ ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಹನ್ನೆರಡರಲ್ಲಿ ಏಳನೆಯದನ್ನು ಆರಿಸಿದೆ. ಕೂರುವುದಕ್ಕೆ ಕಾರು ಬೇಕು ಎಂದು ಹೇಳಿದ ಮೇಲೂ ಅದರಲ್ಲಿ ಒಂದು ಸಲ ಕೂತು ನೋಡಬೇಕು ಅನ್ನುವ ಬುದ್ಧಿ ಈ ಮಂಡೆಗೆ ಹೊಳೆಯಲಿಲ್ಲ. ನನ್ನಂಥವನಿಗಲ್ಲದೆ ಇನ್ಯಾರಿಗೂ ಇಂಥ ತಪ್ಪು ಮಾಡಲು ಬರುವುದಿಲ್ಲ.

ಆ ಸಂಜೆ ಊಟಕ್ಕೆ ಕೂತಾಗ ನಾನು ಒಳ್ಳೆಯ ಲಹರಿಯಲ್ಲಿದ್ದೆ. ಅಕ್ಕ ಎದುರಿಗೆ, ಹೆಂಡತಿ ಪಕ್ಕದಲ್ಲಿ. ಮಗಳು ಕೇಳಿದಳು, "ಅಪ್ಪ, ಮಿಕ್ಕ ಹನ್ನೊಂದು ಕಾರಿಗೆ ಏನಾಗಿತ್ತು?"

ಕೇಳಿದ್ದೇ ತಡ, ನಾನು ಶುರು ಹಚ್ಚಿಕೊಂಡೆ. ಒಂದಕ್ಕೆ ಬಂಪರು ಬಣ್ಣ, ಎರಡಕ್ಕೆ ಸಂದು, ಒಂದರ ಬಾಗಿಲು ಡಬ್ಬದಂತೆ ಸದ್ದು ಮಾಡುತ್ತೆ. "ಎರಡು ಕಾರಂತೂ ಬಾಕಿ ಎಲ್ಲದರಲ್ಲೂ ಬಂಗಾರ ಕಣೆ. ಆದ್ರೆ ಸೀಟಿನ ಪಕ್ಕ, ಹೊಲಿಗೆ ಮುಗಿಯೋ ಕಡೆ, ಸಣ್ಣದೊಂದು ಗಂಟು. ಸಾಸಿವೆಯಷ್ಟು. ಬೇರೆಯವರ ಕಣ್ಣಿಗೆ ಬೀಳಲ್ಲ, ನನ್ನ ಕಣ್ಣಿಂದ ತಪ್ಪಿಸ್ಕೊಳ್ಳೋಕೆ ಆಗುತ್ತಾ? ಪ್ರತಿ ವರ್ಷ ಹೀಗೆ ಒಂದೆರಡು ಸಿಗ್ತವೆ. ಗಂಟು ಕಂಡ್ರೆ ಆಯ್ತು, ಹೊಡೆದು ಹಾಕಿಬಿಡ್ತೀನಿ."

ಅಕ್ಕನ ಕೈ ತಟ್ಟೆಯ ಮೇಲೆ ನಿಂತಿತು. ಅವಳು ಎದ್ದು ಕೈ ತೊಳೆದುಕೊಂಡಳು. ಬಾಗಿಲ ಹಿಂದೆ ಮೊಳೆಗೆ ನನ್ನ ಕೆಲಸದ ಏಪ್ರನ್ನು ನೇತಾಡುತ್ತಿತ್ತು, ಅವಳೇ ಹೊಲಿದುಕೊಟ್ಟದ್ದು. ಅದನ್ನು ತಂದು ಜೇಬಿನ ಮೂಲೆಯನ್ನು ನನ್ನ ಮುಂದೆ ಹಿಡಿದಳು.

"ಇಂಥ ಗಂಟಾ?"

ನೋಡಿದೆ. ಜೇಬಿನ ಮೂಲೆಯಲ್ಲಿ ಹೊಲಿಗೆ ಹಿಂದಕ್ಕೆ ಮೂರು ಸಲ ಬಂದು ಮುಗಿದಿತ್ತು. ಸಾಸಿವೆಯಷ್ಟು ದಪ್ಪ. ಹನ್ನೊಂದು ವರ್ಷದಿಂದ ಅದೇ ಜೇಬಿನಲ್ಲಿ ಭೂತಗನ್ನಡಿ ಇಟ್ಟುಕೊಂಡು ಓಡಾಡಿದ್ದೇನೆ. ಭಾರಕ್ಕೆ ಬಟ್ಟೆ ಸವೆದಿದೆ, ಮೂಲೆ ಬಿಟ್ಟಿಲ್ಲ.

"ಎಲ್ಲರೂ ಎರಡು ಸಲ ಹಿಂದಕ್ಕೆ ಹೊಲೀತಾರೆ, ಹೇಗೆ ಹೊಲೀಬೇಕು ಅನ್ನೋ ಕಾಗದದಲ್ಲೂ ಎರಡೇ ಅಂತ ಬರೆದಿದೆ" ಎಂದಳು ಅಕ್ಕ. "ನಾನು ಮೂರು ಹಾಕ್ತೀನಿ. ಅದರಲ್ಲೂ ಈ ಕಾರಿಗೆ ಹೊಸ ದಾರ ಕೊಟ್ಟಿದ್ದಾರೆ, ನುಣುಪು, ಎರಡಕ್ಕೆ ನಿಲ್ಲಲ್ಲ, ಜಾರುತ್ತೆ. ನಮ್ಮ ಮೇಲ್ವಿಚಾರಕರಿಗೆ ಹೇಳಿದೆ. ಕೂತು ಎದ್ದು ಮಾಡಿದ್ರೆ ಬಿಟ್ಕೊಳ್ಳುತ್ತೆ ಅಂದೆ. ಯಾರು ಕೇಳ್ತಾರೆ?"

ನಾನು ಬಾಯಿಗೆ ಹಾಕಿದ ತುತ್ತನ್ನು ನುಂಗಲಿಲ್ಲ, ಉಗಿಯಲಿಲ್ಲ. ಹದಿನಾಲ್ಕು ವರ್ಷ ನಾನೇ, ಈ ಕೈಯಿಂದಲೇ, ಅಕ್ಕನ ಸೀಟುಗಳನ್ನು ಹುಡುಕಿ ಹುಡುಕಿ ಆಚೆ ಹಾಕಿದ್ದೆ.

"ನಾಳೇನೇ ಬದಲಾಯಿಸ್ತೀನಿ" ಎಂದೆ.

"ಬದಲಾಯಿಸಿ ನೋಡು!" ಅಕ್ಕ ಏಪ್ರನ್ನನ್ನು ನನ್ನ ತೊಡೆಯ ಮೇಲೆ ಎಸೆದಳು. ಅವಳು ದನಿ ಏರಿಸಿದ್ದನ್ನು ಮಗಳು ಹುಟ್ಟಿದಂದಿನಿಂದ ಕೇಳಿರಲಿಲ್ಲ. "ತಮ್ಮ ಇದ್ದಾನೆ ಅಂತ ಮೇಳಕ್ಕೆ ಹೋಯ್ತು ಅನ್ನಿಸ್ಕೊಬೇಕಾ ನಾನು? ಇಪ್ಪತ್ತೊಂಬತ್ತು ವರ್ಷ ಹೊಲಿದು? ಅದು ತಾನಾಗೇ ಗೆದ್ರೆ ಹೋಗ್ಲಿ. ನೀನು ಎತ್ತಿ ಕೂರಿಸಿದ್ದು ನನಗೆ ಬೇಡ. ಹಾಗೇನಾದ್ರೂ ಮಾಡಿದೆ ಅಂತ ಗೊತ್ತಾದ್ರೆ ನಿನ್ನ ಜೊತೆ ಮಾತು ಬಿಡ್ತೀನಿ ನೋಡ್ಕೋ."

ಅಕ್ಕ ಮಾತು ಬಿಟ್ಟರೆ ಎಷ್ಟು ದಿನ ಬಿಡುತ್ತಾಳೆ ಅನ್ನುವುದು ನನಗೆ ಚಿಕ್ಕಂದಿನಿಂದ ಗೊತ್ತು. ತೆಪ್ಪಗಾದೆ. ಏಳನೆಯ ಕಾರೇ ಮೇಳಕ್ಕೆ ಹೋಯಿತು.

ಮೇಳದ ಮೊದಲ ದಿನ ಚೆನ್ನಾಗಿಯೇ ಕಳೆಯಿತು. ಸಾಲಿನ ಉಸ್ತುವಾರಿಯನ್ನು ಮೇಡಂ ನನಗೇ ವಹಿಸಿದ್ದರು. ಒಬ್ಬೊಬ್ಬರಿಗೆ ಒಂದು ನಿಮಿಷ, ನಿಮಿಷ ಮುಗಿದರೆ ಮೇಜಿನ ಮೇಲಿನ ಬೆಲ್ ಒತ್ತಬೇಕು. ಆ ಕೆಲಸಕ್ಕೆ ನನಗಿಂತ ಸಿಡುಕು ಮುಖ ಅವರಿಗೆ ಸಿಕ್ಕಿರಲಿಕ್ಕಿಲ್ಲ. ಜನ ಕೂತರು, ಸ್ಟಿಯರಿಂಗ್ ತಿರುಗಿಸಿದರು, ಫೋಟೋ ತೆಗೆಸಿಕೊಂಡರು. ಒಬ್ಬ ಅಜ್ಜ ಕಾರಿನೊಳಗೆ ಗೊರಕೆ ಹೊಡೆಯಲು ಶುರು ಮಾಡಿದ್ದನ್ನು ಬೆಲ್ಲಿನಿಂದಲೇ ಎಬ್ಬಿಸಿದೆ.

ಎರಡನೆಯ ದಿನ ಸಂಜೆ ಒಬ್ಬ ಹುಡುಗಿ ಕಾರಿನಿಂದ ಇಳಿದು, "ಅಂಕಲ್, ಇಲ್ಲಿ ದಾರ ಬಿಚ್ಕೊಂಡಿದೆ" ಎಂದಳು. ಬಗ್ಗಿ ನೋಡಿದೆ. ಇಳಿಯುವ ಕಡೆ, ಎಲ್ಲರೂ ಉಜ್ಜಿಕೊಂಡು ಇಳಿಯುವ ಅಂಚಿನಲ್ಲಿ, ಹೊಲಿಗೆ ಬೆರಳುದ್ದ ಬಾಯಿ ಬಿಟ್ಟಿತ್ತು. ಒಳಗಿನ ಹಳದಿ ಸ್ಪಂಜು ಇಣುಕುತ್ತಿತ್ತು. ಬಾಗಿಲು ಹಾಕಿ ಅಡ್ಡ ನಿಂತುಕೊಂಡೆ.

ಮೇಡಂ ಬಂದು ನೋಡಿದರು. ಕೂಗಾಡಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. "ಎರಡು ದಿನಕ್ಕೇ ಹೀಗಾದ್ರೆ ಹತ್ತು ದಿನ ಹೇಗೆ ಸರ್? ನಾಳೆ ಹತ್ತು ಗಂಟೆಗೆ ಬಾಗಿಲು ತೆಗೀತಾರೆ. ಅಷ್ಟರೊಳಗೆ ಬೇರೆ ಕಾರು ಇಲ್ಲಿರಬೇಕು. ಈ ಸಲನಾದ್ರೂ ಬಾಳಿಕೆ ಬರೋದನ್ನ ತನ್ನಿ."

ಬೆಳಕು ಹರಿಯುವ ಹೊತ್ತಿಗೆ ಯಾರ್ಡಿನಲ್ಲಿದ್ದೆ. ಹನ್ನೊಂದು ಬೂದು ಕಾರುಗಳು ಹಾಗೆಯೇ ನಿಂತಿದ್ದವು. ಗಂಟು ಇರುವ ಎರಡು ಯಾವುವು ಎಂದು ನನಗೆ ಗೊತ್ತಿತ್ತು, ನೇರ ಹೋಗಿ ಒಂದನ್ನು ಹೊರಡಿಸಿಬಿಡಬಹುದಾಗಿತ್ತು. ಅಕ್ಕನ ಮಾತು ಕಿವಿಯಲ್ಲಿತ್ತು. ತಾನಾಗೇ ಗೆದ್ದರೆ ಹೋಗಲಿ. ಸರಿ, ಹಾಗಾದರೆ ಗೆಲ್ಲಲಿ. ಎಲ್ಲ ಹನ್ನೊಂದಕ್ಕೂ ಒಂದೇ ಪರೀಕ್ಷೆ, ಯಾರ ಮುಲಾಜೂ ಇಲ್ಲ.

ಬಿಳಿ ಬಟ್ಟೆಯನ್ನು ಮಡಚಿ ಪಕ್ಕಕ್ಕಿಟ್ಟು ಮೊದಲನೆಯ ಕಾರಿನಲ್ಲಿ ಕೂತೆ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ. ಏನೋ ಕದ್ದು ಮಾಡುತ್ತಿದ್ದೇನೆ ಅನ್ನಿಸಿತು. ಕಾರು ಸಾಗಿಸುವ ಲಾರಿಯ ಚಾಲಕ ಅಷ್ಟರಲ್ಲಿ ಬಂದಿದ್ದ. ಅವನನ್ನು ಎಲ್ಲರೂ ಡ್ರಮ್ಮು ಎನ್ನುತ್ತಾರೆ, ಯಾಕೆ ಎಂದು ನೋಡಿದವರಿಗೆ ಹೇಳಬೇಕಾಗಿಲ್ಲ. ಅವನು ನನ್ನನ್ನು ನೋಡಿ ಬಾಯಿ ತೆರೆದವನು ಹಾಗೇ ನಿಂತ.

"ಭೂತಗನ್ನಡಿ ಸರ್, ಮೈ ಹುಷಾರಿದೆಯಾ? ಕೂತ್ಬಿಟ್ಟಿದ್ದೀರಲ್ಲ!"

"ನೀನೂ ಕೂರು" ಎಂದೆ. "ಪ್ರತಿ ಕಾರಲ್ಲೂ ನಲವತ್ತು ಸಲ. ಕೂರು, ಏಳು. ಇಳಿಯೋವಾಗ ಆ ಅಂಚಿನ ಮೇಲೆ ಜಾರಿಕೊಂಡೇ ಇಳಿ."

"ನನ್ನ ಮೈ ಭಾರಕ್ಕೆ ಸೀಟು ಉಳಿಯುತ್ತಾ ಸರ್?"

"ಅದಕ್ಕೇ ಕಣಯ್ಯ ನಿನ್ನನ್ನ ಕರೆದಿದ್ದು."

ಯಾರ್ಡಿನ ಕಾವಲುಗಾರನೂ ಸೇರಿಕೊಂಡ. ಮೂವರೂ ಸರದಿಯಂತೆ ಕೂತೆವು, ಎದ್ದೆವು, ಜಾರಿದೆವು, ಮುಂದಿನ ಕಾರಿಗೆ ನಡೆದೆವು. ನಾಲ್ಕನೆಯ ಕಾರಿನ ಹೊತ್ತಿಗೆ ನನ್ನ ಸೊಂಟ ಬಿದ್ದುಹೋಗಿತ್ತು, ಡ್ರಮ್ಮು ಬೆವರಿನಲ್ಲಿ ಮಿಂದಿದ್ದ, ಕಾವಲುಗಾರ ಮಾತ್ರ ಕಾರುಗಳಲ್ಲಿ ಕೂರುವ ಭಾಗ್ಯ ಎಂದು ನಗುತ್ತಲೇ ಇದ್ದ. ಪ್ರತಿ ಕಾರು ಮುಗಿದ ಮೇಲೆ ಭೂತಗನ್ನಡಿ ಹಿಡಿದು ಹೊಲಿಗೆಯ ಕೊನೆ ನೋಡುತ್ತಿದ್ದೆ. ದಾರ ಸಡಿಲವಾಗಿ ಹಲ್ಲು ಕಿರಿದಿದ್ದರೆ ಸೀಮೆಸುಣ್ಣದಲ್ಲಿ ನೆಲಕ್ಕೆ ಒಂದು ಅಡ್ಡಗೆರೆ. ಒಂದಾದ ಮೇಲೊಂದು ಅಡ್ಡಗೆರೆ ಬಿದ್ದವು.

ಹನ್ನೊಂದು ಮುಗಿದಾಗ ನೆಲದ ಮೇಲೆ ಒಂಬತ್ತು ಗೆರೆಗಳಿದ್ದವು. ಗೆರೆ ಬೀಳದೆ ಉಳಿದವು ಎರಡೇ ಕಾರು, ಎರಡಕ್ಕೂ ಅಂಚಿನಲ್ಲಿ ಸಾಸಿವೆಯಷ್ಟು ಗಂಟು. ಡ್ರಮ್ಮು ಅಷ್ಟು ಒದ್ದಾಡಿದ್ದರೂ ದಾರ ಕೂದಲೆಳೆಯಷ್ಟೂ ಅಲುಗಿರಲಿಲ್ಲ.

ನಾನು ಅಲ್ಲೇ ನೆಲದ ಮೇಲೆ ಕೂತುಕೊಂಡು ನಕ್ಕೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ, ಅದರಲ್ಲಿ ಒಂದೆರಡು ಹನಿ ನಗುವಿನದಲ್ಲ. ಡ್ರಮ್ಮು ಕಾವಲುಗಾರನ ಕಡೆ ತಿರುಗಿ, "ನಾನು ಮೊದಲೇ ಹೇಳ್ಲಿಲ್ವಾ, ಮೈ ಹುಷಾರಿಲ್ಲ ಅಂತ" ಎಂದ.

ಆ ಎರಡರಲ್ಲಿ ಬಾಗಿಲ ಸದ್ದು ಚೆನ್ನಾಗಿದ್ದದ್ದನ್ನು ಲಾರಿಗೆ ಹತ್ತಿಸಿದೆವು. ಮೇಳದಲ್ಲಿ ಇಳಿಸಿ, ಬೆಂಕಿಯ ಭಯಕ್ಕೆ ಬ್ಯಾಟರಿಯ ತಂತಿ ಬಿಚ್ಚಿ, ಟ್ಯಾಂಕಿನಲ್ಲಿ ಎರಡು ಲೀಟರು ಪೆಟ್ರೋಲು ಬಿಟ್ಟು ಮಿಕ್ಕದ್ದನ್ನು ತೆಗೆದು, ನಾಲ್ಕು ಟೈರಿನ ಅಕ್ಷರಗಳನ್ನೂ ನೇರ ನಿಲ್ಲಿಸಿ ಮುಗಿಸುವ ಹೊತ್ತಿಗೆ ಹತ್ತಕ್ಕೆ ಐದು ನಿಮಿಷ ಇತ್ತು. ಮೇಡಂ ಬಂದು ಸೀಟನ್ನು ಒತ್ತಿ ನೋಡಿದರು. "ಸುಕ್ಕಿದೆಯಲ್ಲ ಸರ್?"

"ಇರಲಿ ಮೇಡಂ. ಕೂತು ನೋಡಿ ತಂದದ್ದು" ಎಂದೆ.

ಅಕ್ಕನಿಗೆ ಹೇಳಲಿಲ್ಲ. ಏಳು ದಿನ ತುಟಿ ಹೊಲಿದುಕೊಂಡಿದ್ದೆ. ಹೆಂಡತಿಗೂ ಹೇಳಲಿಲ್ಲ, ಹೇಳಿದರೆ ಅಕ್ಕನಿಗೆ ಹೇಳಿದ ಹಾಗೇ. ದಿನವೂ ಮೇಳ ಮುಗಿದ ಮೇಲೆ ಅಂಚಿಗೆ ಭೂತಗನ್ನಡಿ ಹಿಡಿದು ನೋಡುವುದು, ಗಂಟು ಹಾಗೇ ಇದೆ ಎಂದು ಖಾತ್ರಿ ಮಾಡಿಕೊಂಡು ಮನೆಗೆ ಬರುವುದು. ಅಕ್ಕನ ಕೆಲಸ ಮೇಳದ ಎಂಟನೆಯ ದಿನ ಮುಗಿಯಿತು. ಹೂಗುಚ್ಛ, ಒಂದು ಗಡಿಯಾರ, ಎಲ್ಲರ ಸಹಿ ಇರುವ ಕಾರ್ಡು ಹಿಡಿದುಕೊಂಡು ಬಂದಳು. ಗಡಿಯಾರವನ್ನು ಗೋಡೆಗೆ ಹಾಕಿ, "ಇನ್ನು ಟೈಮು ನೋಡಿ ಏನು ಮಾಡಲಿ?" ಎಂದು ನಕ್ಕಳು. ಆ ನಗು ನನಗೆ ಹಿಡಿಸಲಿಲ್ಲ.

"ನಾಳೆ ಮೇಳಕ್ಕೆ ಬಾ" ಎಂದೆ. "ಹೇಗೂ ಬಿಡುವಾಗಿದ್ದೀಯ."

ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದಳು. "ಯಾಕೋ? ಏನು ಮಾಡಿದ್ದೀಯ?"

"ಏನೂ ಮಾಡಿಲ್ಲ ಮಾರಾಯ್ತಿ. ಬಾ ಅಂದ್ರೆ ಬಾ."

ಮಾರನೆಯ ದಿನ ಅವಳು, ಹೆಂಡತಿ, ಮಗಳು ಮೂವರೂ ಬಂದರು. ಪಕ್ಕದ ಹಗ್ಗ ಎತ್ತಿ ನೇರ ಒಳಗೆ ಬಿಡಲು ಹೋದೆ. ಅಕ್ಕ ಬೇಡ ಎಂದು ಕೈಯಲ್ಲಾಡಿಸಿ ಸಾಲಿನ ಕೊನೆಗೆ ಹೋಗಿ ನಿಂತಳು. ಅರ್ಧ ಗಂಟೆ ನಿಂತಳು. ಮುಂದಿನವರು ಕೂರುವುದನ್ನು, ಸೀಟಿನ ಮೇಲೆ ಕೈಯಾಡಿಸುವುದನ್ನು, ಉಜ್ಜಿಕೊಂಡು ಇಳಿಯುವುದನ್ನು ನೋಡುತ್ತಾ ಹೆಜ್ಜೆ ಹೆಜ್ಜೆಯಾಗಿ ಮುಂದೆ ಬಂದಳು. ಹೊಲಿಯುವವರಿಗೆ ಎಲ್ಲ ಸೀಟೂ ಒಂದೇ ಥರ ಕಾಣುವುದಿಲ್ಲವಲ್ಲ, ಹತ್ತಿರ ಬಂದಂತೆ ಅವಳ ನಡಿಗೆ ನಿಧಾನವಾಯಿತು.

ಅವಳ ಸರದಿ ಬಂತು. ಕೂತಳು. ಬಲಗೈ ತಾನಾಗಿಯೇ ಸೀಟಿನ ಅಂಚಿಗೆ ಇಳಿಯಿತು, ಬೆರಳು ಗಂಟಿನ ಮೇಲೆ ನಿಂತಿತು.

"ಲೋ" ಎಂದಳು, ದನಿ ಸಣ್ಣದಾಗಿ. "ನೀನು ತಾನೇ ಎತ್ತಿ ಕೂರಿಸಿದ್ದು?"

"ನಾನಲ್ಲ. ಡ್ರಮ್ಮು ಕೂತು ಆರಿಸಿದ್ದು." ಬಗ್ಗಿ ಎಲ್ಲ ಹೇಳಿದೆ. ಬಾಯಿ ಬಿಟ್ಟ ಹೊಲಿಗೆ, ಹನ್ನೊಂದು ಕಾರು, ಒಂಬತ್ತು ಗೆರೆ. "ಏಳು ದಿನದಲ್ಲಿ ಮೂರು ಸಾವಿರ ಜನ ಕೂತಿದ್ದಾರೆ. ಬೇಕಾದ್ರೆ ಡ್ರಮ್ಮುನ ಕೇಳು, ಇನ್ನೂ ಸೊಂಟ ಹಿಡ್ಕೊಂಡು ಓಡಾಡ್ತಿದ್ದಾನೆ. ಹದಿನಾಲ್ಕು ವರ್ಷ ನಾನು ಮಾಡಿದ್ದು ತಪ್ಪು ಅಕ್ಕ. ಕೂರದೇನೇ ಆರಿಸ್ತಿದ್ದೆ."

ಅಕ್ಕ ಬೆನ್ನು ಹಿಂದಕ್ಕೆ ಆನಿಸಿ, ಎರಡೂ ಕೈ ಸ್ಟಿಯರಿಂಗಿನ ಮೇಲಿಟ್ಟು, ಎದುರಿನ ಜನವನ್ನು ನೋಡುತ್ತಾ ಕೂತಳು. ಕಾರು ಓಡಿಸಲು ಅವಳಿಗೆ ಬರುವುದಿಲ್ಲ. ಇಪ್ಪತ್ತೊಂಬತ್ತು ವರ್ಷ ಸಾವಿರಾರು ಸೀಟು ಹೊಲಿದವಳು ತನ್ನದೊಂದರಲ್ಲಿ ಕೂತದ್ದು ಅವತ್ತೇ ಮೊದಲು, ಅದು ನನಗೂ ಆಗಲೇ ಹೊಳೆದದ್ದು. ನಿಮಿಷ ಕಳೆಯಿತು. ನನ್ನ ಕೈ ಬೆಲ್ಲಿನ ಹತ್ತಿರ ಹೋಗಲಿಲ್ಲ. ಎರಡನೆಯ ನಿಮಿಷವೂ ಕಳೆಯಿತು. ಸಾಲಿನಲ್ಲಿ ಯಾರೋ, "ಏನ್ರೀ, ಅವರಿಗೆ ಮಾತ್ರ ಬೇರೆ ಕಾನೂನಾ?" ಎಂದರು. ನಾನು ಅವರ ಕಡೆ ತಿರುಗಿ ಒಂದು ನೋಟ ಬಿಟ್ಟೆ, ಸುಮ್ಮನಾದರು.

ಅಕ್ಕನಿಗೆ ಕೇಳಿಸಿತ್ತು. ಮೂಗೊರೆಸಿಕೊಂಡು ಮುಖ ಗಂಟಿಕ್ಕಿದಳು. "ಬೆಲ್ ಹೊಡೆಯೋ. ಜನ ಕಾಯ್ತಿಲ್ವಾ? ತಮ್ಮ ಅಂತ ಹೆಚ್ಚು ಹೊತ್ತು ಕೂರಿಸಿದ ಅನ್ನಿಸ್ಕೊಬೇಕಾ ನಾನು?"

ಹೊಡೆದೆ. ಅವಳು ಎಲ್ಲರಂತೆ ಅಂಚಿನ ಮೇಲೆ ಜಾರಿಕೊಂಡೇ ಇಳಿದಳು, ಬೇಕೆಂದೇ, ಸ್ವಲ್ಪ ಜೋರಾಗಿಯೇ. ಇಳಿದವಳು ಹೆಂಡತಿ, ಮಗಳು ಕಾಯುತ್ತಿದ್ದ ಕಡೆ ಬರಲಿಲ್ಲ. ಜನರ ನಡುವೆ ದಾರಿ ಮಾಡಿಕೊಂಡು ಹೋಗಿ ಮತ್ತೆ ಸಾಲಿನ ಕೊನೆಯಲ್ಲಿ ನಿಂತುಕೊಂಡಳು.

ಅವತ್ತು ಅವಳು ನಾಲ್ಕು ಸಲ ಕೂತಳು. ಪ್ರತಿ ಸಲವೂ ಒಂದು ನಿಮಿಷಕ್ಕೆ ಸರಿಯಾಗಿ ಬೆಲ್ ಹೊಡೆದೆ.